ಹಿಡಿಕೆ ಎಡಕ್ಕೆ, ಮೂತಿ ಬಲಕ್ಕೆ

“ಎಡಕ್ಕ ಒತ್ತು ವೈಜಿನಾಥ!”

“ಒತ್ತೀನ್ರಿ ಮೇಡಂ.”

ದೋಣಿಯ ಹೊಟ್ಟೆಯೊಳಗೆ ಗುರ್ರೆಂದು ಸದ್ದಾಯಿತು. ಮೂತಿ ಸಾವಕಾಶವಾಗಿ ಎಡಕ್ಕೆ ಹೊರಳಿತು. ಎಡಕ್ಕೇ!

ಪಿಎಸ್‌ಐ ವಿಜಯಶ್ರೀ ಸ್ಟೇರಿಂಗ್ ಹಿಡಿದುಕೊಂಡೇ ಬಾಯಿ ತೆರೆದಳು. ಮುಚ್ಚುವುದು ಮರೆತಳು.

“ಈಗ ಬಲಕ್ಕ.”

ಕಾನ್‌ಸ್ಟೇಬಲ್ ವೈಜಿನಾಥ ತನ್ನ ಪಕ್ಕದ ಹಿಡಿಕೆಯನ್ನು ಬಲಕ್ಕೆ ಒತ್ತಿದ. ಮೂತಿ ಮರ್ಯಾದೆಯಿಂದ ಬಲಕ್ಕೆ ಬಂತು.

“ಮತ್ತ ಎಡಕ್ಕ.”

ಮತ್ತೆ ಎಡಕ್ಕೆ. ಹೇಳಿದ ಮಾತು ಕೇಳುವ ಎತ್ತಿನ ಹಾಗೆ.

ಇದೆಂಥ ಪೀಡೆ ಬಂತಪ್ಪಾ ಎಂದುಕೊಂಡಳು ವಿಜಯಶ್ರೀ. ಮೊನ್ನೆ ಇದೇ ಕೆರೆಯಲ್ಲಿ, ಇದೇ ದೋಣಿಯ ಮೊದಲ ಸುತ್ತಿನಲ್ಲಿ, ನಡುನೀರಿನ ಮಂಟಪದ ಹತ್ತಿರ ಎಡಕ್ಕೆ ಹೊರಳಬೇಕಾದ ಮೂತಿ ಬಲಕ್ಕೆ ನುಗ್ಗಿ ಕಲ್ಲಿನ ಕಂಬಕ್ಕೆ ಬಡಿದು, ಮುಂದೆ ಕಾಯಿ ಹಿಡಿದು ನಿಂತಿದ್ದ ಹುಮನಾಬಾದಿನ ಕೂಲರ್ ಅಂಗಡಿಯ ಬಸವಣಪ್ಪ ನೀರಿಗೆ ಬಿದ್ದು ಸತ್ತಿದ್ದ. ದಂಡೆಯ ಮೇಲೆ ನಿಂತವರೆಲ್ಲ ಕಣ್ಣಾರೆ ಕಂಡಿದ್ದರು. ಹಿಡಿಕೆಯನ್ನು ತಾನು ಎಡಕ್ಕೇ ಒತ್ತಿದ್ದಾಗಿ ದೋಣಿಯ ಡ್ರೈವರ್ ದತ್ತು ಹೇಳಿಕೆ ಬರೆಸಿದ್ದ. ವೈರು ಬೇಕಂತಲೇ ಉಲ್ಟಾ ಜೋಡಿಸಿದ್ದಾನೆಂದು ಮೋಟಾರು ಮೆಕ್ಯಾನಿಕ್ ಧಮ್ಮಪಾಲನ ಮೇಲೆ ಕೊಲೆಯ ಕೇಸು ಬಿದ್ದಿತ್ತು. ಇವತ್ತು ಮಧ್ಯಾಹ್ನ ಅವನು ಕೋರ್ಟಿಗೆ, ಅಲ್ಲಿಂದ ಜೈಲಿಗೆ.

ಈಗ ನೋಡಿದರೆ ವೈರು ಸರಿ ಇದೆ!

“ವೈಜಿನಾಥ, ಘಟನೆ ಆದ ಮ್ಯಾಲ ಈ ದೋಣಿ ಹತ್ರ ಯಾರ ಬಂದಿದ್ರು?”

“ಯಾರೂ ಇಲ್ರಿ. ಬೀಗ ಹಾಕಿ, ಪಾಳಿ ಹಚ್ಚಿ ಕಾದೀವಿ. ನೊಣ ಸೈತ ಒಳಗ ಹೋಗಿಲ್ಲ.”

“ಹಂಗಾರ ಆ ಮನಷಾ ಹ್ಯಾಂಗ ಸತ್ತ?”

“ನೀರಾಗ ಬಿದ್ರಿ,” ಅಂದ ವೈಜಿನಾಥ, ಅದೇನು ದೊಡ್ಡ ಪ್ರಶ್ನೆಯೇ ಎಂಬಂತೆ.

ವಿಜಯಶ್ರೀ ದುರುಗುಟ್ಟಿ ನೋಡಿದಳು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಗಾದೆ ಹೇಳುವವರು ಹೇಳಿಬಿಡುತ್ತಾರೆ. ಬಸವಕಲ್ಯಾಣದ ಠಾಣೆಗೆ ಬಂದವಳಿಗೆ ದೋಣಿಯ ಕೇಸು ಬೀಳುತ್ತದೆಂದು ಯಾರು ಕನಸು ಕಂಡಿದ್ದರು? ಈ ಬಯಲು ಸೀಮೆಯಲ್ಲಿ ಲಾರಿ ಪಲ್ಟಿಯಾಗುತ್ತದೆ, ಟ್ರ್ಯಾಕ್ಟರ್ ಗುದ್ದುತ್ತದೆ. ದೋಣಿ ಗುದ್ದಿ ಸತ್ತವರ ಪಂಚನಾಮೆ ಹೇಗೆ ಬರೆಯಬೇಕೆಂದು ಠಾಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳು ಮುಂದಿನ ಮುಚ್ಚಳ ತೆಗೆದು ತಲೆ ಒಳಗೆ ಹಾಕಿದಳು. ದೋಣಿಯ ಎದೆಗೆ ಅಡ್ಡಲಾಗಿ, ಈ ಪಕ್ಕೆಯಿಂದ ಆ ಪಕ್ಕೆಗೆ, ಒಂದು ದಪ್ಪ ಕೊಳವೆ. ಕೊಳವೆಯೊಳಗೆ ಸಣ್ಣ ಪಂಖಾ. ಮೇಲೆ ಲಾರಿಯ ಸೆಲ್ಫ್ ಮೋಟಾರಿನಂಥದೇ ಒಂದು ಮೋಟಾರು. ಮಾರಿದವರು ಅದಕ್ಕೆ ‘ಬೋ ಥ್ರಸ್ಟರ್’ ಅಂದಿದ್ದರು. ಊರವರು ಒಂದೇ ದಿನಕ್ಕೆ ‘ಅಡ್ಡಪಂಖಾ’ ಮಾಡಿ ಮುಗಿಸಿದ್ದರು.

ಮೋಟಾರಿನ ತಲೆಯ ಮೇಲೆ ಎರಡು ತೆಳು ವೈರು, ಒಂದು ನೀಲಿ, ಒಂದು ಬೂದಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಅವುಗಳ ಹಿತ್ತಾಳೆ ನಟ್ಟುಗಳ ಮೇಲೆ ಟಾರ್ಚು ಹಿಡಿದಳು.

ನಟ್ಟಿನ ಮೂಲೆಗಳನ್ನು ಯಾರೋ ಕಚ್ಚಿ ತಿಂದಂತಿತ್ತು. ಹೊಸ ಹಿತ್ತಾಳೆ, ಹೊಳೆಯುವ ಗಾಯ.

“ಇದು ಪಾನಾದ ಗುರುತಲ್ಲ,” ಅಂದಳು. “ಪಕ್ಕಡ ಹಾಕಿ, ಇಕ್ಕಳದಂಗ ಕಚ್ಚಿ ತಿರುವ್ಯಾರ.”

* * *

ಠಾಣೆಯ ಕಟ್ಟೆಯ ಮೇಲೆ ಧಮ್ಮಪಾಲನ ತಾಯಿ ಕಾಂತಾಬಾಯಿ ಕೂತಿದ್ದಳು. ಬಿಸಿಲು ಮೊಣಕಾಲಿಗೆ ಬಂದಿದ್ದರೂ ಸರಿದಿರಲಿಲ್ಲ.

“ಬಾಯಾರ, ನನ್ನ ಮಗ ಬಾಯಿಬಡಕ ಇದ್ದಾನ, ಅದು ಖರೇ. ಅವನ ಬಾಯಿಗಿ ನಾನೇ ಚಪ್ಪಲಿ ತಗೊಂಡು ಹೊಡದೀನಿ. ಕೊಲಿಗಾರ ಅಲ್ರಿ ಅಂವ.”

“ನೋಡಾಕತ್ತೀನವ್ವಾ,” ಅಂದಳು ವಿಜಯಶ್ರೀ. ಅಷ್ಟು ಹೇಳಿ ಒಳಗೆ ನಡೆದಳು.

ಲಾಕಪ್ಪಿನಲ್ಲಿ ಧಮ್ಮಪಾಲ ಗೋಡೆಗೆ ಒರಗಿ ನಿಂತಿದ್ದ. ಹುಮನಾಬಾದಿನಲ್ಲಿ ಬೋರ್‌ವೆಲ್ ಮೋಟಾರು ಕಟ್ಟುವವನು. ಸೊಕ್ಕು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಪಕ್ಕಡ ಬಳಸ್ತೀಯೇನು?”

“ನಟ್ಟಿಗಿ ಪಕ್ಕಡ ಹಾಕಾವ ಮೆಕ್ಯಾನಿಕ್ ಅಲ್ರಿ, ಕಟುಕ.”

“ಬಸವಣಪ್ಪಗ ನೀ ಧಮಕಿ ಹಾಕಿದ್ದಿ ಅಂತ ಮಂದಿ ಹೇಳಾಕತ್ತಾರ. ‘ಗೋಡಿಗಿ ಬಡದು ಸತ್ರ ನನ್ನ ಕೇಳಬ್ಯಾಡ್ರಿ’ ಅಂದೀಯಂತ.”

“ಅಂದೀನ್ರಿ. ಯಾಕ ಅಂದೆ ಅಂತ ಯಾರೂ ಕೇಳವಲ್ರು.” ಅವನು ಕಂಬಿ ಹಿಡಿದ. “ಸಂಜೀವಕುಮಾರ ಸಾವಕಾರ್ರು ಆ ದೋಣಿ ಹಳೇದು ತಂದ್ರು. ಮ್ಯಾಲ ಟಗರಿನ ಕೋಡಿನಂಗ ದೊಡ್ಡ ಚಪ್ಪರ ಕಟ್ಟಿಸಿದ್ರು. ಹೊತ್ತು ಏರಿದ್ರ ನಮ್ಮ ಕಡಿ ಗಾಳಿ ಹ್ಯಾಂಗ ಬೀಸ್ತದ ನಿಮಗ ಗೊತ್ತದ. ಚಪ್ಪರಕ್ಕ ಗಾಳಿ ತುಂಬಿ ಮೂತಿ ಹಾರಿ ಹೋಗಿ ಮೆಟ್ಟಲಿಗಿ ಬಡೀತಿತ್ತು. ಅದಕ್ಕ ಅಡ್ಡಪಂಖಾ. ಹೈದರಾಬಾದಿಗಿ ಹೋಗಿ ನೋಡಿದ್ವಿ. ಅವರ ಕಾಕಾ ಬಸವಣಪ್ಪ ಸಣ್ಣದು ಸಾಕಂದ್ರು. ದೋಣಿ ಉದ್ದ ಅಷ್ಟ ನೋಡಿದ್ರ ಸಣ್ಣದು ಸಾಲ್ತಿತ್ತು ಖರೇ. ಆದ್ರ ನೋಡಬೇಕಾದ್ದು ಚಪ್ಪರ! ಗಾಳಿ ಹಿಡಿಯೋದು ಅದೇ. ‘ಇದು ಆಟಿಗಿ ಸಾಮಾನ್ರಿ, ಇದ ಹಾಕಿ ಗೋಡಿಗಿ ಬಡದ್ರ ನನ್ನ ಕೇಳಬ್ಯಾಡ್ರಿ’ ಅಂದೆ. ಅಂಗಡ್ಯಾಗ ಎಲ್ಲಾರ ಮುಂದ ಅಂದೆ. ಕಡೀಕ ದೊಡ್ಡದೇ ತಗೊಂಡ್ರು. ಅದಕ್ಕ ಜಗಳ ಅಂತಾರೇನ್ರಿ?”

“ಕೂಡಿಸಿದ್ದು ನೀನೇ?”

“ನಾನೇ. ಕೊಳವಿ ಎಷ್ಟು ಮುಂದ ಇಟ್ರ ಅಷ್ಟು ಛಲೋ, ಎಷ್ಟು ಕೆಳಗ ಇಟ್ರ ಅಷ್ಟು ಛಲೋ. ಮ್ಯಾಲಾದ್ರ ನೀರಿನ ಬದಲಿ ಗಾಳಿ ಕುಡೀತದ. ಕೊಳವಿಗಿ ದೋಣಿ ಪಕ್ಕಿ ಕೊರಿಯೋ ಮುಂದ ಸಾವಕಾರ್ರು ಮಾರಿ ಆ ಕಡಿ ತಿರುವಿದ್ರು, ಮಗಳ ಮೂಗು ಚುಚ್ಚಸೋ ಅಪ್ಪನ್ಹಂಗ. ಬ್ಯಾಟರಿ ಬ್ಯಾರೆ, ಮೋಟಾರಿನ ಮಗ್ಗಲಾಗೇ. ಉದ್ದ ವೈರು ಎಳದ್ರ ತಾಕತ್ತು ದಾರ್ಯಾಗೇ ಸಾಯ್ತದ.”

“ವೈರು?”

“ನೀರಾಗ ಇಳಿಸಿ ಒತ್ತಿ ನೋಡೀನ್ರಿ. ಎಡಕ್ಕಂದ್ರ ಎಡಕ್ಕ, ಬಲಕ್ಕಂದ್ರ ಬಲಕ್ಕ. ಕೊಳವಿ ಅಂಚಿಗಿ ಜರಾ ನೀರು ಜಿನುಗ್ತಿತ್ತು. ಮತ್ತ ದಂಡಿಗಿ ಎಳದು, ಇನ್ನೊಂದು ಕೋಟು ಫೈಬರ್ ಹಚ್ಚಿ ಮನಿಗಿ ಹೋದೆ. ಸಂಜಿಕ ಪೂಜಾ ಅದ ಅಂದ್ರು. ನನಗ ಕರೀಲಿಲ್ಲ.”

ಕಡೆಯ ಮಾತು ಮೆಲ್ಲಗೆ ಬಂತು. ಅದನ್ನು ಅವನು ಹೇಳಬೇಕೆಂದಿರಲಿಲ್ಲ ಎಂದು ತೋರಿತು.

“ಹಂಗಾರ ಮೊನ್ನೆ ಉಲ್ಟಾ ಯಾಕ ಹೋತು?”

ಧಮ್ಮಪಾಲನ ಸೊಕ್ಕು ಆಗ ಇಳಿಯಿತು. ಕಂಬಿಗೆ ಹಣೆ ಹಚ್ಚಿದ.

“ಅದೇ ತಿಳೀವಲ್ದು ಮೇಡಂ. ರಾತ್ರಿಯೆಲ್ಲ ಅದೇ. ನಾ ಏನರ ತಪ್ಪು ಮಾಡ್ದೆ ಏನು ಅಂತ ನನಗೇ ಸಂಶೆ ಬರಾಕತ್ತದ.”

“ಆ ಹಿಡಿಕಿ ಎಡಗಡಿ ದೂರ ಯಾಕ ಕೂಡಿಸಿದಿ? ಸ್ಟೇರಿಂಗ್ ಹಿಡದು ಕೂತ್ರ ನನ್ನ ಕೈಗಿ ನಿಲುಕವಲ್ದು.”

“ಡ್ರೈವರ್ ದತ್ತು ಮಾಡಿದ ಹಠಾರಿ. ಜನ್ಮಾ ಎಲ್ಲಾ ಲಾರಿ ಹೊಡದಾಂವ. ‘ಎಡಗಡಿ ಕ್ಲೀನರ್ ಕೂಡ್ತಾನ, ಅಂವ ನೋಡಿ ಒತ್ತತಾನ’ ಅಂದ. ದೋಣಿಗಿ ಯಾವ ಕ್ಲೀನರಪ್ಪಾ ಅಂದೆ, ಕೇಳಲಿಲ್ಲ.”

ವಿಜಯಶ್ರೀ ಹೊರಟಳು. ಧಮ್ಮಪಾಲ ಹಿಂದಿನಿಂದ ಕೂಗಿ ಹೇಳಿದ: “ಮೇಡಂ, ಒಂದ್ ಮಾತು. ನೀರು ಬಲಕ್ಕ ಉಗುಳಿದ್ರ ಮೂತಿ ಎಡಕ್ಕ ಹೋಗ್ತದ. ಇದು ಯಾರಿಗೂ ಲಗೂನ ತಲಿಗಿ ಹತ್ತಂಗಿಲ್ಲ. ಕೋರ್ಟಿನಾಗ ಹ್ಯಾಂಗ ಹೇಳ್ಬೇಕ್ರಿ?”

ಅವಳಿಗೂ ತಲೆಗೆ ಹತ್ತಲಿಲ್ಲ. ಹೂಂ ಅಂದು ಜೀಪು ಹತ್ತಿದಳು.

* * *

ಹುಮನಾಬಾದಿನ ಬಸವಣಪ್ಪನ ಮನೆ ಅವನ ಅಂಗಡಿಯ ಹಿಂದೆಯೇ ಇತ್ತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಸಾಲಾಗಿ ನಿಂತ ಕೂಲರುಗಳ ಜಾಲರಿಗೆ ಬಣ್ಣದ ರಿಬ್ಬನ್ನು ಕಟ್ಟಿತ್ತು, ಗಾಳಿ ಯಾವ ಕಡೆ ಬರುತ್ತದೆಂದು ಗಿರಾಕಿಗೆ ತೋರಿಸಲು. ಇವತ್ತು ಒಂದೂ ಅಲುಗುತ್ತಿರಲಿಲ್ಲ.

ವೈಜಿನಾಥನನ್ನು ಜೀಪಿನ ಹತ್ತಿರ ಬಿಟ್ಟು ವಿಜಯಶ್ರೀ ಒಳಗೆ ಹೋದಳು. ಪಡಸಾಲೆಯಲ್ಲಿ ಫೋಟೋಕ್ಕೆ ಹೂವಿನ ಹಾರ, ಮುಂದೆ ದೀಪ. ದೀಪದ ಪಕ್ಕ ಬಸವಣಪ್ಪನ ಹೆಂಡತಿ ಶಕುಂತಲಾಬಾಯಿ ಕೂತಿದ್ದಳು. ಹಣೆಯಲ್ಲಿ ಮೂರು ಬೆರಳು ವಿಭೂತಿ, ಕಣ್ಣು ಒಣಗಿದ್ದವು. ಬಸವಣಪ್ಪನ ಅಣ್ಣನ ಮಗ ಸಂಜೀವಕುಮಾರ, ದೋಣಿಯ ಮಾಲೀಕ, ಧಮ್ಮಪಾಲನ ಮೇಲೆ ದೂರು ಕೊಟ್ಟವನೂ ಅವನೇ, ಕಂಬಕ್ಕೆ ಒರಗಿ ಕೂತು ಮೊಬೈಲು ನೋಡುತ್ತಿದ್ದ. ಎದ್ದು ನಿಂತ.

“ಬರ್ರಿ ಮೇಡಂ. ಕೋರ್ಟಿನ ಕೆಲಸಾ ಆತೇನ್ರಿ?”

“ಇನ್ನೂ ಇಲ್ರಿ. ಒಂದು ಮಾತು ಕೇಳ್ಬೇಕಾಗಿತ್ತು. ದೋಣಿ ಮೋಟಾರಿನ ವೈರಿಗಿ ಯಾರೋ ಪಕ್ಕಡ ಹಾಕ್ಯಾರ. ಧಮ್ಮಪಾಲ ಅಲ್ಲ. ಯಾರು?”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಂಜೀವಕುಮಾರನ ಕೈ ತಾನಾಗಿಯೇ ಪ್ಯಾಂಟಿನ ಕಿಸೆಗೆ ಹೋಯಿತು. ವಿಜಯಶ್ರೀ ಅದನ್ನು ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬೇರೆ ಕಡೆಯಿಂದ ಬಂತು.

“ನಮ್ಮವರು,” ಅಂದಳು ಶಕುಂತಲಾಬಾಯಿ.

“ಯಾರವ್ವಾ?”

“ನಮ್ಮ ಮನಿಯವರು. ಈಗ ಫೋಟೋದಾಗ ಕೂತಾರಲ್ಲ, ಅವರು.” ಆಕೆಯ ದನಿ ನೆಟ್ಟಗಿತ್ತು. “ಹಿಂದಿನ ದಿನ ಸಂಜಿಕ ದಂಡ್ಯಾಗ ದೋಣಿಗಿ ಪೂಜಾ ಇತ್ತು. ಅವರು ಊದಿನಕಡ್ಡಿ ಹಚ್ಚಿ ಆ ಕೊಳವಿ ಬಾಯಿಗಿ ಹಿಡದು, ಎಡಕ್ಕ ಒತ್ರಿ ಅಂದ್ರು. ಹೊಗಿ ಬಲಗಡಿ ಹೋತು. ‘ನೋಡಿದೇನು, ಆ ಪ್ವಾರ ಉಲ್ಟಾ ಜೋಡಿಸ್ಯಾನ’ ಅಂದ್ರು. ಜನ್ಮಾ ಎಲ್ಲಾ ಕೂಲರ್ ಮಾರಿದವರು. ಗಾಳಿ ಯಾವ ಕಡಿ ಬರ್ತದೋ ಆ ಕಡಿನೇ ಕೆಲಸಾ ಅಂತ ಅವರ ಲೆಕ್ಕ. ಸಂಜು ಅಲ್ಲಿರಲಿಲ್ಲ, ಯಾರದೋ ಪಕ್ಕಡ ಇಸ್ಕೊಂಡು ವೈರು ಅದಲಿ ಬದಲಿ ಮಾಡಿ ಬಂದ್ರು. ಮನಿಗಿ ಬಂದು ಉಣ್ಣಾಕ ಕೂತಾಗ ನಕ್ಕೋತ ಹೇಳಿದ್ರು.”

ವಿಜಯಶ್ರೀಗೆ ಲಾಕಪ್ಪಿನ ಮಾತು ಈಗ ತಲೆಗೆ ಹತ್ತಿತು. ಬಲಕ್ಕೆ ಉಗುಳಿದರೆ ಎಡಕ್ಕೆ! ಹೊಗೆ ಬಲಕ್ಕೆ ಹೋದದ್ದೇ ಸರಿಯಿತ್ತು. ಸರಿಯಿದ್ದದ್ದನ್ನು ಬಸವಣಪ್ಪ ತನ್ನ ಕೈಯಾರೆ ಕೆಡಿಸಿದ್ದ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

“ಮೊದಲ ಯಾಕ ಹೇಳಲಿಲ್ಲವ್ವಾ? ಒಬ್ಬ ಹುಡುಗ ಜೈಲಿಗಿ ಹೊಂಟಾನ!”

“ಗಂಡ ತನ್ನ ಕೈಲೇ ತಾ ಸತ್ತಾ ಅಂತ ಯಾವ ಬಾಯಿಲೆ ಹೇಳ್ಲಿ? ನಾಳಿಗಿ ಅವರ ಹೆಸರಲೆ ಶಿವಗಣಾರಾಧನಿ ಅದ, ಅದು ಮುಗೀಲಿ ಅಂತಿದ್ದೆ. ಆದ್ರ ಆ ಹುಡುಗನ ತಾಯಿ ಉಪಾಸ ಕೂತಾಳಂತ ಕೇಳಿದೆ. ಬರಕೋರಿ, ಸಹಿ ಮಾಡ್ತೀನಿ.”

ಅಬ್ಬಾ! ವಿಜಯಶ್ರೀಯ ಎದೆ ಹಗುರಾಯಿತು. ಆ ವಿಧವೆಯ ಮೇಲೆ ಗೌರವ ಉಕ್ಕಿ ಬಂತು. ಅಲ್ಲೇ ಠಾಣೆಗೆ ಫೋನು ಹಚ್ಚಿದಳು.

“ಧಮ್ಮಪಾಲನ್ನ ಕರಕೊಂಡು ಹೋಗಬ್ಯಾಡ್ರಿ. ಹೊಸಾ ಹೇಳಿಕಿ ಬಂದದ.”

“ವ್ಯಾನ್ ಹೊಂಟು ನಿಂತದ್ರಿ,” ಅಂದ ಠಾಣೆಯ ಹವಾಲ್ದಾರ. “ಸಿಪಿಐ ಸಾಹೇಬ್ರಿಗೆ ಏನ್ ಹೇಳ್ಲಿ? ವೈರು ಯಾರು ತಿರುವಿದ್ರು ಅಂತ ಹೇಳ್ಲಿ?”

“ವೈರು...” ಅಂದವಳು ಅಲ್ಲಿಯೇ ನಿಂತಳು. ಹಗುರಾದ ಎದೆಯ ಮೇಲೆ ಮತ್ತೆ ಕಲ್ಲು ಬಿತ್ತು. “ಸ್ವಲ್ಪ ನಿಂದರ್ರಿ. ನಾ ಮತ್ತ ಫೋನ್ ಮಾಡ್ತೀನಿ.”

ವೈರು ಬಸವಣಪ್ಪ ಉಲ್ಟಾ ಮಾಡಿದ. ಒಪ್ಪೋಣ. ಆಮೇಲೆ ಘಟನೆ, ಘಟನೆಯಾದ ಮೇಲೆ ಪೊಲೀಸು ಬೀಗ. ಅಂದಮೇಲೆ ಇವತ್ತು ಮುಂಜಾನೆಯೂ ದೋಣಿ ಉಲ್ಟಾ ಹೋಗಬೇಕಿತ್ತಲ್ಲ! ತಾನೇ ಸ್ಟೇರಿಂಗ್ ಹಿಡಿದು ಕೂತಿದ್ದಳು. ಎಡಕ್ಕೆಂದರೆ ಎಡಕ್ಕೆ ಹೋಗಿತ್ತು.

“ಶಕುಂತಲಾಬಾಯಾರ, ನೀವು ಹೇಳಿದ್ದು ಖರೇ ಇದ್ರ ದೋಣಿ ಇವತ್ತೂ ಉಲ್ಟಾನೇ ಹೋಗಬೇಕಾಗಿತ್ತು. ಮುಂಜಾನಿ ನಾ ಓಡಿಸಿ ನೋಡೀನಿ. ವೈರು ಸರಿ ಅವ.”

ಸಂಜೀವಕುಮಾರ ಮೆಲ್ಲಗೆ ಕೇಳಿದ:

“ಏನಂದ್ರಿ? ಸರಿ ಅವ?”

“ಸರಿ ಅವ.”

“ನಾ... ನಾ ಮಾಡಿದ್ದು ಸರಿ ಇತ್ತೇನ್ರಿ ಹಂಗಾರ?”

“ಸಂಜು, ಬಾಯಿ ಮುಚ್ಚು,” ಅಂದಳು ಶಕುಂತಲಾಬಾಯಿ.

ಅವನು ಮುಚ್ಚಲಿಲ್ಲ. ಕಂಬಕ್ಕೆ ಒರಗಿಯೇ ಜಾರಿ ಕುಸಿದು ಕೂತು, ಮಕ್ಕಳಂತೆ ಅಳತೊಡಗಿದ.

“ಮೊನ್ನೆ ಮುಂಜಾನಿ ದೋಣಿ ನೀರಿಗಿ ಇಳಿಸಿ, ಹಗ್ಗ ಕಟ್ಟಿ, ಒಬ್ಬಂವನೇ ಕೂತು ಒತ್ತಿ ನೋಡಿದ್ನಿ. ಎಡಕ್ಕ ಒತ್ತಿದ್ರ ಬಲಕ್ಕ ಹೋತು. ಕಾಕಾ ತಿರುವ್ಯಾರಂತ ನನಗೇನು ಗೊತ್ತು? ಧಮ್ಮಪಾಲ ತಪ್ಪು ಮಾಡ್ಯಾನ ಅಂದ್ಕೊಂಡು ಪಕ್ಕಡ ಹಾಕಿ ವೈರು ತಿರುವಿದೆ. ಮತ್ತ ಒತ್ತಿ ನೋಡಬೇಕಾಗಿತ್ತು, ನೋಡಲಿಲ್ರಿ. ಮಂದಿ ಬಂದಿದ್ರು, ಕರದ್ರು, ಹೋದೆ. ಮುಂದ ಹಂಗಾತು. ನಾನೇ ಕೆಡಿಸಿದೆ, ಕಾಕಾನ್ನ ನಾನೇ ಕೊಂದೆ ಅಂತ ಎರಡು ದಿನಾ ಗಂಟಲಾಗ ನೀರು ಇಳದಿಲ್ಲ.”

“ಅದಕ್ಕ ಧಮ್ಮಪಾಲನ ಕೊಳ್ಳಿಗಿ ಕಟ್ಟಿದಿ?”

“ಅಂಜಿಕಿ ಬಂತ್ರಿ...”

ವಿಜಯಶ್ರೀಗೆ ಅವನ ಕಪಾಳಕ್ಕೆ ಎರಡು ಬಿಗಿಯಬೇಕೆನ್ನಿಸಿತು. ಕೈ ಕಟ್ಟಿಕೊಂಡಳು. ಒಂದೊಂದೇ ಹೆಜ್ಜೆ ಲೆಕ್ಕ ಹಾಕಿದಳು. ಧಮ್ಮಪಾಲ ಸರಿ ಜೋಡಿಸಿದ. ಕಾಕಾ ಕೆಡಿಸಿದ. ಅಣ್ಣನ ಮಗ ಗೊತ್ತಿಲ್ಲದೇ ಮತ್ತೆ ಸರಿ ಮಾಡಿದ. ಅಂದರೆ ಬಸವಣಪ್ಪ ಸಾಯುವ ಹೊತ್ತಿಗೆ ವೈರು ಸರಿಯಾಗಿಯೇ ಇತ್ತು. ಮೂತಿ ಬಲಕ್ಕೆ ಹೋಯಿತು. ಅಂದಮೇಲೆ ಹಿಡಿಕೆ ಬಲಕ್ಕೇ ಒತ್ತಿತ್ತು.

“ದತ್ತು ಸುಳ್ಳು ಹೇಳ್ಯಾನ,” ಅಂದಳು. “ಹಿಡಿಕಿ ತಾನೇ ಎಡಕ್ಕ ಒತ್ತಿದೆ ಅಂತ ಬರೆಸ್ಯಾನ.”

ಆದರೆ ಅದೂ ಕೂಡಲಿಲ್ಲ. ಮುಂಜಾನೆ ಸ್ಟೇರಿಂಗ್ ಹಿಡಿದು ಕೂತಾಗ ಆ ಹಿಡಿಕೆ ತನ್ನ ಕೈಗೆ ನಿಲುಕಿರಲಿಲ್ಲ. ದತ್ತುವಿನ ಕೈಗೂ ನಿಲುಕುವುದು ಸಾಧ್ಯವಿರಲಿಲ್ಲ. ಅದು ಕ್ಲೀನರನ ಜಾಗ.

“ಸಂಜೀವಕುಮಾರ, ದತ್ತುನ ಎಡಗಡಿ ಯಾರು ಕೂತಿದ್ರು?”

ಅವನು ಅಳುವುದನ್ನು ನಿಲ್ಲಿಸಿದ. ಕಣ್ಣು ಒರೆಸಿಕೊಂಡ. ದೀಪದ ಪಕ್ಕ ಕೂತಿದ್ದ ಕಾಕಿಯ ಕಡೆ ನೋಡಿದ.

“ದತ್ತುಗ ಬೈಬ್ಯಾಡ್ರಿ,” ಅಂದಳು ಶಕುಂತಲಾಬಾಯಿ. “ಹೆಣ್ಣುಮಕ್ಕಳ ಕೈಲೆ ಹಿಡಿಕಿ ಒತ್ತಿಸ್ದೆ ಅಂದ್ರ ಲೈಸನ್ಸ್ ಹೋಗ್ತದಂತ ಅಂಜಿ ಬರೆಸ್ಯಾನ. ನಾ ಕೂತಿದ್ದೆ. ‘ಎಡಕ್ಕ ಒತ್ರಿ ಬಾಯಾರ’ ಅಂದ. ನಾ ಬಲಕ್ಕ ಒತ್ತಿದೆ.”

ವಿಜಯಶ್ರೀ ಆಕೆಯ ಎದುರು ಕೂತಳು. “ಗಾಬರಿಲೆ ಒತ್ತಿದ್ರೇನು? ನಿಮ್ಮ ಮನಿಯವರು ಉಲ್ಟಾ ಮಾಡೀನಿ ಅಂದಿದ್ದು ನೆನಪಿಗಿ ಬಂದು...”

ತಪ್ಪಿಸಿಕೊಳ್ಳಲು ದಾರಿ ತೋರಿಸಿಕೊಡುತ್ತಿದ್ದೇನೆ ಎಂದು ಗೊತ್ತಿದ್ದೂ ಕೇಳಿದಳು. ಅಷ್ಟು ಮರುಕ ಹುಟ್ಟಿತ್ತು.

“ಅವರು ಉಲ್ಟಾ ಮಾಡೀನಿ ಅನ್ನಲಿಲ್ಲವ್ವ, ಸರಿ ಮಾಡೀನಿ ಅಂದಿದ್ರು. ನನಗ ಗಾಬರಿನೂ ಇರಲಿಲ್ಲ. ಕಂಬ ಬಲಗಡಿ ಇತ್ತು, ನೋಡೇ ಒತ್ತಿದೆ.”

“ಗಂಡನ್ನ...”

“ಅವರನ್ನ ಯಾಕ ಕೊಲ್ಲಲಿ?” ಮೊದಲ ಸಲ ಆಕೆಯ ದನಿ ಒಡೆಯಿತು. “ಇಷ್ಟು ವರ್ಷ ಕೂಡಿ ಬಾಳೇ ಮಾಡೀನಿ. ಒಂದಿನಾ ಏಕವಚನ ಮಾತಾಡ್ಲಿಲ್ಲ ನನ್ನ ದೇವರು. ಚಪ್ಪರಕ್ಕ ಹೂವಿನ ಪರದಾ ಇಳಿಬಿಟ್ಟಿದ್ರು, ಮುಂದ ನಿಂತಾವ್ರ ಮಾರಿ ಕಾಣ್ತಿರಲಿಲ್ಲ. ಹಳದಿ ರುಮಾಲು ಅಷ್ಟೇ ಕಾಣ್ತಿತ್ತು.”

ಸಂಜೀವಕುಮಾರ ನಿಧಾನಕ್ಕೆ ತಲೆ ಎತ್ತಿದ.

“ಕಾಕಿ... ಆ ರುಮಾಲ ನನ್ನದಿತ್ತು. ದಂಡಿ ಮ್ಯಾಲ ಮಂದಿ ನನಗ ಸುತ್ತಿದ್ರು. ಹಿರೇರ ಕೈಲೆ ಕಾಯಿ ಒಡಸೂಣಂತ ಹೇಳಿ ನಾನೇ ತಗದು ಕಾಕಾನ ತಲಿಗಿ ಸುತ್ತಿದೆ.”

“ಹೌದು. ಅದು ನನಗ ಗೊತ್ತಿರಲಿಲ್ಲ.”

ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಮುಂಜಾನೆಯಿಂದ ವಿಜಯಶ್ರೀ ಹುಡುಕುತ್ತಿದ್ದದ್ದು ಸತ್ತವನ ವೈರಿಯನ್ನು. ಸತ್ತವನಿಗೆ ವೈರಿಯೇ ಇರಲಿಲ್ಲ.

“ಯಾಕ ಕಾಕಿ?” ಅಂದ ಸಂಜೀವಕುಮಾರ. “ನಾ ನಿಮಗೇನ್ ಮಾಡಿದ್ನಿ?”

“ನನಗ ಏನೂ ಮಾಡಿಲ್ಲ. ನಮ್ಮ ಮನಿ ಕೆಲಸದ ಹುಡುಗಿಗಿ ಏನು ಮಾಡೀದಿ, ಅಕಿ ಯಾಕ ಸತ್ಲು ಅಂತ ಈ ಬಾಯಾರ ಮುಂದ ಹೇಳ್ಲೇನು ಸಂಜು? ನಿನ್ನ ಬಾಯಿಲೇ ಹೇಳ್ತೀಯೇನು?”

ಸಂಜೀವಕುಮಾರ ಮುಖದ ಮೇಲಿನ ನೀರು ಅಂಗೈಯಿಂದ ಒರೆಸಿಕೊಂಡ. ಒರೆಸಿಕೊಂಡ ಮೇಲೆ ಕಂಡ ಮುಖ ಈತನಕ ಅಳುತ್ತಿದ್ದವನದು ಅನ್ನಿಸಲಿಲ್ಲ.

ಕಾರಣ ಆಮೇಲೆ ಕೇಳಿದರಾಯಿತು, ಮೊದಲು ಆ ಹುಡುಗನನ್ನು ಉಳಿಸಬೇಕು. ವ್ಯಾನು ಹೊರಟು ನಿಂತಿದೆ. ವಿಜಯಶ್ರೀ ಮೊಬೈಲು ತೆಗೆದು ಠಾಣೆಯ ನಂಬರು ಒತ್ತಿದಳು.

“ಸ್ವಲ್ಪ ತಡೀರಿ ಮೇಡಂ,” ಅಂದ ಸಂಜೀವಕುಮಾರ.

ಅವನು ಎದ್ದು ಹೋಗಿ ತಲಬಾಗಿಲು ಮುಂದೆ ಮಾಡಿ, ಒಳಗಿನಿಂದ ಚಿಲಕ ಹಾಕಿದ.